ನೇರ ನುಡಿ ಮತ್ತು ಪರೋಕ್ಷ ನುಡಿ

ಇಂಗ್ಲಿಷ್ ವ್ಯಾಕರಣದಲ್ಲಿ ಒಬ್ಬರು ಆಡಿದ ಮಾತನ್ನು ಅವರದೇ ಪದಗಳಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಬರೆಯುವುದನ್ನು ನೇರ ನುಡಿ ಅಥವಾ ಡೈರೆಕ್ಟ್ ಸ್ಪೀಚ್ ಎನ್ನುತ್ತಾರೆ. ಅದೇ ಮಾತನ್ನು ವರದಿ ಮಾಡುವವರು ತಮ್ಮ ವಾಕ್ಯದೊಳಗೆ ಸೇರಿಸಿ ಹೇಳಿದರೆ ಅದು ಪರೋಕ್ಷ ನುಡಿ ಅಥವಾ ರಿಪೋರ್ಟೆಡ್ ಸ್ಪೀಚ್. ಕರ್ನಾಟಕದ ಪ್ರೌಢಶಾಲೆಗಳ ಇಂಗ್ಲಿಷ್ ವ್ಯಾಕರಣ ಪಾಠಗಳಲ್ಲಿ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಅಭ್ಯಾಸವಿದೆ.

== ಕಾಲ ಮತ್ತು ಸ್ಥಳ ==
ವರದಿಯ ಕ್ರಿಯಾಪದ ‘ಸೆಡ್’ ಎಂಬಂತೆ ಭೂತಕಾಲದಲ್ಲಿದ್ದರೆ ಒಳಗಿನ ಕ್ರಿಯಾಪದವೂ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ‘ಈಸ್’ ಎಂಬುದು ‘ವಾಸ್’ ಆಗುತ್ತದೆ, ‘ವಿಲ್’ ಎಂಬುದು ‘ವುಡ್’ ಆಗುತ್ತದೆ. ‘ಸೇಸ್’ ಎಂದಿದ್ದರೆ ಕಾಲ ಬದಲಾಗುವುದಿಲ್ಲ. ಶರಾವತಿ ನದಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುತ್ತದೆ ಎಂಬಂತಹ ಸದಾ ಸತ್ಯವಾದ ಸಂಗತಿಯನ್ನು ವರ್ತಮಾನದಲ್ಲಿಯೇ ಉಳಿಸಬಹುದು.

‘ಹಿಯರ್’ ಎಂಬುದು ‘ದೇರ್’ ಆಗಬೇಕು, ‘ಟುಮಾರೊ’ ಎಂಬುದು ‘ದ ನೆಕ್ಸ್ಟ್ ಡೇ’ ಆಗಬೇಕು ಎಂದು ಪಟ್ಟಿ ಮಾಡಿ ಕಂಠಪಾಠ ಮಾಡಿಸುವುದುಂಟು. ಈ ಪಟ್ಟಿ ಅರ್ಧ ಸತ್ಯ. ಬದಲಾವಣೆ ನಡೆಯುವುದು ವರದಿ ಮಾಡುವವರು ಎಲ್ಲಿ, ಯಾವಾಗ ನಿಂತು ಹೇಳುತ್ತಿದ್ದಾರೆ ಎಂಬುದರ ಮೇಲೆ. ತೀರ್ಥಹಳ್ಳಿಯಲ್ಲಿ ಒಬ್ಬರು ‘ಐ ಲಿವ್ ಹಿಯರ್’ ಎಂದುದನ್ನು ಸಾಗರದಲ್ಲಿ ತಿಳಿಸುವವರು ‘ದೇರ್’ ಎನ್ನುತ್ತಾರೆ. ತೀರ್ಥಹಳ್ಳಿಯಲ್ಲಿಯೇ ತಿಳಿಸುವವರಿಗೆ ‘ಹಿಯರ್’ ಎಂಬುದೇ ಸರಿ.

== ಪ್ರಶ್ನೆ ಮತ್ತು ಆಜ್ಞೆ ==
ಪ್ರಶ್ನೆ ಪರೋಕ್ಷವಾದಾಗ ಹೇಳಿಕೆಯ ಪದಕ್ರಮವನ್ನು ಪಡೆಯುತ್ತದೆ: ‘ವೇರ್ ಆರ್ ಯು ಗೋಯಿಂಗ್?’ ಎಂಬುದು ‘ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್’ ಆಗುತ್ತದೆ. ಹೌದು ಅಥವಾ ಇಲ್ಲ ಎಂಬ ಉತ್ತರದ ಪ್ರಶ್ನೆಗೆ ‘ಇಫ್’ ಅಥವಾ ‘ವೆದರ್’ ಸೇರುತ್ತದೆ. ಆಜ್ಞೆಗೆ ‘ಟೋಲ್ಡ್’ ಮತ್ತು ‘ಟು’ ಸಾಕು.

== ಕನ್ನಡದೊಂದಿಗೆ ಹೋಲಿಕೆ ==
ಕನ್ನಡದಲ್ಲಿ ಈ ಕೆಲಸವನ್ನು ‘ಎನ್’ ಧಾತುವಿನಿಂದ ಬಂದ ‘ಎಂದು’ ಎಂಬ ಪದ ಮಾಡುತ್ತದೆ. ಆಡುಮಾತಿನಲ್ಲಿ ಅದು ‘ಅಂತ’. ಸಾಗರ, ಹೊಸನಗರ ಕಡೆಯ ಹವ್ಯಕ ಕನ್ನಡದಲ್ಲಿ ಅದರ ಸ್ಥಾನಕ್ಕೆ ‘ಹೇಳಿ’ ಬರುತ್ತದೆ. ಇವು ಆಡಿದ ಮಾತನ್ನು ಅಲುಗಿಸದೆ ಎತ್ತಿ ತರಬಲ್ಲವು. ‘ಎಲ್ಲಿಗೆ ಹೋಗುತ್ತೀಯೆ ಎಂದು ಕೇಳಿದ’ ಎಂಬಲ್ಲಿ ಕಾಲವೂ ಪುರುಷವೂ ಪ್ರಶ್ನೆಯ ರೂಪವೂ ಹಾಗೆಯೇ ಉಳಿದಿವೆ. ಇದನ್ನು ಅನುಸರಿಸಿ ವಿದ್ಯಾರ್ಥಿಗಳು ‘ಹಿ ಆಸ್ಕ್ಡ್ ಮಿ ದಟ್ ವೇರ್ ಆರ್ ಯು ಗೋಯಿಂಗ್’ ಎಂದು ಬರೆಯುವುದು ಸಾಮಾನ್ಯ ದೋಷ. ಇಲ್ಲಿನ ‘ದಟ್’ ಕನ್ನಡದ ‘ಎಂದು’ವಿನ ನೆರಳು. ತಪ್ಪು ಅಜ್ಞಾನದ್ದಲ್ಲ, ಮಾತೃಭಾಷೆಯ ನಿಯಮದ ಪಾಲನೆ.

ಆದರೆ ಕನ್ನಡದ ಅನುಕೂಲಕ್ಕೂ ಮಿತಿಯಿದೆ. ‘ಅಣ್ಣ ನಾನು ಹೊಸನಗರಕ್ಕೆ ಹೋಗಬೇಕು ಎಂದ’ ಎಂಬ ವಾಕ್ಯದಲ್ಲಿ ಹೋಗಬೇಕಾದವನು ಅಣ್ಣನೋ ವಾಕ್ಯವನ್ನು ಹೇಳುತ್ತಿರುವವನೋ ಎಂಬುದು ಬರಹದಲ್ಲಿ ಸ್ಪಷ್ಟವಾಗದು. ಇಂಗ್ಲಿಷಿನ ಪರೋಕ್ಷ ನುಡಿಯಲ್ಲಿ ‘ಹಿ’ ಅಥವಾ ‘ಐ’ ಎಂದು ಆರಿಸಲೇಬೇಕಾದುದರಿಂದ ಈ ಗೊಂದಲವಿಲ್ಲ. ಕನ್ನಡದಲ್ಲಿ ಇದಕ್ಕೆ ‘ತಾನು’ ಎಂಬ ಸರ್ವನಾಮವಿದೆ: ‘ತಾನು ಹೊಸನಗರಕ್ಕೆ ಹೋಗಬೇಕೆಂದು ಅಣ್ಣ ಹೇಳಿದ’. ಪತ್ರಿಕೆಗಳಲ್ಲಿ ಕಾಣುವ ‘ಬರುವುದಾಗಿ ತಿಳಿಸಿದರು’ ಎಂಬ ರಚನೆಯು ಇಂಗ್ಲಿಷಿನ ಪರೋಕ್ಷ ನುಡಿಗೆ ಇನ್ನೂ ಹತ್ತಿರವಾದುದು. ಅದರಲ್ಲಿ ಮೂಲ ಮಾತಿನ ‘ನಾನು’, ‘ಬರುತ್ತೇನೆ’ ಎರಡೂ ಉಳಿಯುವುದಿಲ್ಲ.