ಬಟ್ಲರನ ಕೊರಗು ಮತ್ತು ಎರಡು ಯುದ್ಧಗಳ ನಡುವಿನ ಇಂಗ್ಲೆಂಡ್

1956 ಎಂದರೆ ಕಾಸರಗೋಡಿನ ನಮಗೆ ನೆನಪಾಗುವುದು ನವೆಂಬರ್ 1. ಇಂಗ್ಲೆಂಡಿನವರಿಗೆ ಆ ವರ್ಷ ಎಂದರೆ ಸೂಯೆಜ್ ಕಾಲುವೆ. ಜುಲೈ 26ರಂದು ಈಜಿಪ್ಟಿನ ನಾಸೆರ್ ಅದನ್ನು ರಾಷ್ಟ್ರೀಕರಣ ಮಾಡಿದರು. ಕಜುವೊ ಇಶಿಗುರೊ ಅವರ 'ದ ರಿಮೇನ್ಸ್ ಆಫ್ ದ ಡೇ' (1989) ಕಾದಂಬರಿ ನಡೆಯುವುದೂ ಅದೇ ಜುಲೈ ತಿಂಗಳಲ್ಲಿ. ಆದರೆ ಪುಸ್ತಕದಲ್ಲೆಲ್ಲೂ ಸೂಯೆಜ್ ಸುದ್ದಿಯೇ ಇಲ್ಲ!

ಕತೆ ಇಷ್ಟು. ಸ್ಟೀವನ್ಸ್ ಎಂಬಾತ ಡಾರ್ಲಿಂಗ್ಟನ್ ಹಾಲ್ ಎಂಬ ದೊಡ್ಡ ಬಂಗಲೆಯ ಬಟ್ಲರ್. ಹಳೆಯ ಧಣಿ ಲಾರ್ಡ್ ಡಾರ್ಲಿಂಗ್ಟನ್ ತೀರಿಕೊಂಡ ಮೇಲೆ ಬಂಗಲೆಯನ್ನು ಅಮೆರಿಕದವನೊಬ್ಬ ಕೊಂಡಿದ್ದಾನೆ. ಅವನ ಕಾರಿನಲ್ಲಿ ಸ್ಟೀವನ್ಸ್, ಹಿಂದೆ ಅದೇ ಮನೆಯ ಮೇಲ್ವಿಚಾರಕಿಯಾಗಿದ್ದ ಮಿಸ್ ಕೆಂಟನ್‌ರನ್ನು ನೋಡಲು ಹೊರಡುತ್ತಾನೆ. ಆಕೆಗೆ ಮದುವೆಯಾಗಿ ಇಪ್ಪತ್ತು ವರ್ಷಗಳಾಗಿವೆ.

ಇದನ್ನು ಕೈಗೂಡದ ಪ್ರೇಮದ ಕತೆ ಎಂದು ಓದುವವರು ಬಹಳ. 1993ರ ಸಿನಿಮಾ ನೋಡಿದವರಂತೂ ಹಾಗೆಯೇ ಹೇಳುತ್ತಾರೆ. ನನಗೇನೋ ವರ್ಸೇಲ್ಸ್ ಒಪ್ಪಂದವನ್ನು ಬಿಟ್ಟು ಓದಿದರೆ ಸ್ಟೀವನ್ಸ್‌ನ ಕೊರಗು ಅರ್ಧವೂ ತಿಳಿಯದು ಅನ್ನಿಸುತ್ತದೆ.

1919ರ ಆ ಒಪ್ಪಂದದಿಂದಾಗಿ ಜರ್ಮನಿ ಯುದ್ಧ ಪರಿಹಾರ ಕೊಡಬೇಕಾಯಿತು. 1921ರಲ್ಲಿ ಗೊತ್ತು ಮಾಡಿದ ಮೊತ್ತ 13,200 ಕೋಟಿ ಚಿನ್ನದ ಮಾರ್ಕ್. ಬಾಕಿ ಬರಲಿಲ್ಲವೆಂದು 1923ರ ಜನವರಿಯಲ್ಲಿ ಫ್ರೆಂಚ್ ಮತ್ತು ಬೆಲ್ಜಿಯಂ ಸೈನ್ಯ ರೂರ್ ಪ್ರದೇಶಕ್ಕೆ ನುಗ್ಗಿತು. ಕಾದಂಬರಿಯಲ್ಲಿ ಡಾರ್ಲಿಂಗ್ಟನ್ ತನ್ನ ಮನೆಯಲ್ಲಿ ಗುಟ್ಟಾಗಿ ಸಮ್ಮೇಳನ ಕರೆಯುವುದು ಅದೇ ಮಾರ್ಚಿನಲ್ಲಿ. ಯುದ್ಧದಲ್ಲಿ ತನ್ನ ಎದುರು ನಿಂತಿದ್ದ ಜರ್ಮನ್ ಗೆಳೆಯನೊಬ್ಬ ಗುಂಡು ಹಾರಿಸಿಕೊಂಡು ಸತ್ತದ್ದು ಆತನ ಮನಸ್ಸಿಗೆ ನಾಟಿರುತ್ತದೆ. ಸೋತವನನ್ನು ಮತ್ತೆ ತುಳಿಯಬಾರದು ಎಂಬ ಮಾತಿನಲ್ಲಿ ಏನು ತಪ್ಪಿದೆ ಹೇಳಿ? ಆ ಸಮ್ಮೇಳನದ ರಾತ್ರಿ ಮಹಡಿಯಲ್ಲಿ ಸ್ಟೀವನ್ಸ್‌ನ ತಂದೆ ಸಾಯುತ್ತಾನೆ. ಮಗ ಕೆಳಗೆ ಅತಿಥಿಗಳ ಲೋಟಕ್ಕೆ ಮದ್ಯ ಸುರಿಯುತ್ತಿರುತ್ತಾನೆ. ಆ ರಾತ್ರಿಯ ಬಗ್ಗೆ ಅವನಿಗೆ ಹೆಮ್ಮೆ!

1932ರಲ್ಲಿ ಓಸ್ವಾಲ್ಡ್ ಮೋಸ್ಲಿ ಬ್ರಿಟನ್ನಿನಲ್ಲಿ ಫ್ಯಾಸಿಸ್ಟ್ ಸಂಘ ಕಟ್ಟಿದ. ಅದೇ ವರ್ಷ ಈ ಬಂಗಲೆಯಿಂದ ಇಬ್ಬರು ಯಹೂದಿ ಕೆಲಸದ ಹುಡುಗಿಯರನ್ನು ಹೊರಹಾಕಲಾಗುತ್ತದೆ, ಯಹೂದಿಗಳು ಎಂಬ ಒಂದೇ ಕಾರಣಕ್ಕೆ. ಧಣಿಯ ಅಪ್ಪಣೆ, ಸ್ಟೀವನ್ಸ್ ತುಟಿ ಬಿಚ್ಚುವುದಿಲ್ಲ. ತಾನೂ ಕೆಲಸ ಬಿಡುವೆನೆಂದ ಕೆಂಟನ್, ಹೋಗಲು ಜಾಗವಿಲ್ಲದೆ ಉಳಿಯುತ್ತಾಳೆ. ವರ್ಷ ಕಳೆದು, ತನಗೂ ಆಗ ಸಂಕಟವಾಗಿತ್ತು ಎಂದು ಸ್ಟೀವನ್ಸ್ ಹೇಳಿದಾಗ ಆಕೆ ಕೇಳುವುದು, ಅಂದೇ ಯಾಕೆ ಹೇಳಲಿಲ್ಲ ಎಂದು. ಅವನು ಆಕೆಯನ್ನು ಕಳೆದುಕೊಂಡದ್ದು ಇಲ್ಲಿಯೇ ಎಂದು ನನ್ನ ಲೆಕ್ಕ.

ಡಾರ್ಲಿಂಗ್ಟನ್ ಕಲ್ಪನೆಯ ವ್ಯಕ್ತಿ, ಆದರೆ ಅಂಥವರು ನಿಜವಾಗಿಯೂ ಇದ್ದರು. 1936ರಲ್ಲಿ ಲಾರ್ಡ್ ಲಂಡನ್‌ಡೆರಿ ಹಿಟ್ಲರನ ಆಪ್ತ ರಿಬ್ಬನ್‌ಟ್ರಾಪ್‌ನನ್ನು ಉತ್ತರ ಐರ್ಲೆಂಡಿನ ತನ್ನ ಬಂಗಲೆಗೆ ಕರೆದು ಸತ್ಕರಿಸಿದ. 1938ರಲ್ಲಿ ಮ್ಯೂನಿಕ್‌ನಲ್ಲಿ ಚೆಂಬರ್ಲಿನ್ ಝೆಕೊಸ್ಲೊವಾಕಿಯಾದ ಒಂದು ಭಾಗವನ್ನು ಹಿಟ್ಲರನಿಗೆ ಬಿಟ್ಟುಕೊಡಲು ಒಪ್ಪಿದರು. ರಿಬ್ಬನ್‌ಟ್ರಾಪ್ 1946ರಲ್ಲಿ ನ್ಯೂರೆಂಬರ್ಗಿನಲ್ಲಿ ಗಲ್ಲಿಗೇರಿದ.

ಕೊನೆಗೆ ಬಸ್ಸು ಕಾಯುತ್ತಾ ಕೆಂಟನ್, ನಿಮ್ಮ ಜೊತೆ ಬಾಳಬಹುದಾಗಿದ್ದ ಬದುಕನ್ನು ಕೆಲವೊಮ್ಮೆ ನೆನೆಯುತ್ತೇನೆ ಎನ್ನುತ್ತಾಳೆ. ಎರಡು ದಿನ ಕಳೆದು ವೇಮತ್ ಎಂಬ ಕಡಲೂರಿನಲ್ಲಿ ಸ್ಟೀವನ್ಸ್ ಅಪರಿಚಿತನೊಬ್ಬನ ಮುಂದೆ ಅಳುತ್ತಾನೆ. ಧಣಿ ತಪ್ಪು ದಾರಿ ಹಿಡಿದರೂ ಅದು ಅವರೇ ಆರಿಸಿದ್ದು, ನನಗೆ ನನ್ನದೆನ್ನುವ ತಪ್ಪೂ ಇಲ್ಲ ಎಂಬುದು ಅವನ ದುಃಖ.

ಆ ವರ್ಷದ ಕೊನೆಗೆ ಅಮೆರಿಕದ ಒತ್ತಡಕ್ಕೆ ಮಣಿದು ಬ್ರಿಟಿಷ್ ಸೈನ್ಯ ಸೂಯೆಜ್‌ನಿಂದ ಹಿಂದೆ ಬಂತು. ಡಾರ್ಲಿಂಗ್ಟನ್ ಹಾಲ್ ಅಷ್ಟರಲ್ಲೇ ಅಮೆರಿಕದವನ ಕೈಯಲ್ಲಿತ್ತು.