ಭಯವೇ ಕಾವಲಾದ ಕೋಟೆಗಳು

ಕೋಟೆಯೆಂದೊಡನೆ ಬುರುಜು, ಹೆಬ್ಬಾಗಿಲು, ಫಿರಂಗಿಗಳು ನಮ್ಮ ಕಣ್ಣೆದುರು ನಿಲ್ಲುತ್ತವೆ. ಐರ್ಲೆಂಡಿನ ವರ್ತುಲ ಕೋಟೆಗಳಲ್ಲಿ ಇವಾವುವೂ ಇಲ್ಲ. ಹಸುರು ಹೊಲದ ನಡುವೆ ಸುಮಾರು 30 ಮೀಟರು ಅಡ್ಡಳತೆಯ ಒಂದು ಮಣ್ಣಿನ ಬಳೆ, ಅದರ ಹೊರಗೊಂದು ಕಂದಕ, ಅಷ್ಟೆ. ಕಂದಕ ತೋಡಿದ ಮಣ್ಣನ್ನೇ ಒಳಗಡೆ ಏರಿಯಾಗಿ ಪೇರಿಸುತ್ತಿದ್ದರು. ಕಲ್ಲು ಹೇರಳವಾಗಿದ್ದ ಕಡೆ ಗಾರೆಯಿಲ್ಲದ ಕಲ್ಲುಗೋಡೆ. ಇಂತಹ ಸುಮಾರು 45,000 ಕೋಟೆಗಳನ್ನು ಗುರುತಿಸಲಾಗಿದೆ. ಬಹುಪಾಲು ಕ್ರಿ.ಶ. 600ರಿಂದ 900ರ ನಡುವಿನವು.

ಇವುಗಳಲ್ಲಿ ಸೈನ್ಯವಿರಲಿಲ್ಲ, ಹೆಚ್ಚಿನವು ಸ್ಥಿತಿವಂತ ರೈತ ಕುಟುಂಬಗಳ ಮನೆಯಂಗಳಗಳು. ಅಂದಿನ ಐರಿಷರು ಸಂಪತ್ತನ್ನು ಹಸುಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ನಮ್ಮ ಶಾಸನಗಳು ತುರುಗೋಳ್ ಎನ್ನುವ ದನಗಳ ಸೂರೆ ಅಲ್ಲಿಯೂ ಉಂಟು; ತೋಳಗಳ ಕಾಟ ಬೇರೆ. ಏರಿ ಕಟ್ಟಿದ್ದರ ಗುಟ್ಟು ಇದೇ. ಕೆಲವೆಡೆ ದವಸ ಕೂಡಿಡಲು, ಆಪತ್ತಿನಲ್ಲಿ ಅಡಗಲು ನೆಲದಡಿ ಸುರಂಗಗಳೂ ಇದ್ದವು.

ಮನೆಗಳು ಹೇಗಿದ್ದವು? ಆಂಟ್ರಿಮ್ ಪ್ರಾಂತದ ಡಿಯರ್ ಪಾರ್ಕ್ ಫಾರ್ಮ್ಸ್ ಎಂಬಲ್ಲಿ 1980ರ ದಶಕದಲ್ಲಿ ನಡೆದ ಉತ್ಖನನ ಇದಕ್ಕೆ ಉತ್ತರ ಕೊಟ್ಟಿತು. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಮರ ಕೊಳೆತಿರಲಿಲ್ಲ. ಬುಟ್ಟಿಯಂತೆ ಕಡ್ಡಿಗಳಿಂದ ಹೆಣೆದ ದುಂಡು ಮನೆ. ಗೋಡೆ ಎರಡು ಪದರ, ಚಳಿ ತಡೆಯಲು ನಡುವೆ ಹುಲ್ಲು ಪಾಚಿಗಳ ತುರುಕು. ಬಾಗಿಲ ಚೌಕಟ್ಟಿನ ಓಕ್ ಮರದ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿದಾಗ ಅದನ್ನು ಕಡಿದದ್ದು ಕ್ರಿ.ಶ. 648ರಲ್ಲಿ ಎಂದು ತಿಳಿಯಿತು. ಯಾವ ಲಿಪಿಕಾರನೂ ಬರೆದಿಡದ ತಾರೀಖನ್ನು ಮರ ಬರೆದಿಟ್ಟಿತ್ತು!

ಬರಿಯ ಮಣ್ಣಿನ ಏರಿ ಸಾವಿರ ವರ್ಷ ಉಳಿದದ್ದು ಹೇಗೆ? ಅಲ್ಲಿ ಯಕ್ಷಿಣಿಯರು ವಾಸಿಸುತ್ತಾರೆಂದು ಹಳ್ಳಿಗರು ನಂಬಿದ್ದರು. ಏರಿಗೆ ಗುದ್ದಲಿ ಹಾಕಿದವನ ಮನೆಗೆ ಕೇಡು ತಪ್ಪದೆಂಬ ಹೆದರಿಕೆಯಿಂದ ರೈತರು ಅದನ್ನು ಸುತ್ತಿ ಬಳಸಿ ಉಳುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಆ ಹೆದರಿಕೆ ತಗ್ಗಿತು, ಬುಲ್‌ಡೋಜರು ಬಂದಿತು. ಎಷ್ಟೋ ಕೋಟೆಗಳು ಸಮತಟ್ಟಾದವು.

ಕಾಯ್ದೆ ಇರಲಿಲ್ಲವೆಂದಲ್ಲ. ಸ್ವತಂತ್ರ ಐರ್ಲೆಂಡು 1930ರಲ್ಲೇ ರಾಷ್ಟ್ರೀಯ ಸ್ಮಾರಕಗಳ ಕಾಯ್ದೆ ಮಾಡಿತ್ತು. 1994ರ ತಿದ್ದುಪಡಿ, ದಾಖಲೆಯಲ್ಲಿರುವ ಸ್ಮಾರಕದಲ್ಲಿ ಕೆಲಸ ಮಾಡುವವರು ಎರಡು ತಿಂಗಳು ಮುಂಚೆ ಲಿಖಿತ ನೋಟೀಸು ಕೊಡಬೇಕೆಂದಿತು. 2023ರಲ್ಲಿ ಹೊಸ ಕಾಯ್ದೆಯೂ ಆಯಿತು. ಆದರೆ ದಿನವಿಡೀ ಕಡತಗಳ ನಡುವೆ ಕೂರುವ ನನಗೆ ಒಂದು ಮಾತು ಗೊತ್ತು: ಕಡತ ಹೊಲದ ಬದುವಿನಲ್ಲಿ ನಿಂತು ಕಾವಲು ಕಾಯಲಾರದು. ಅಜ್ಜಿಯ ಕಥೆ ಕಾಯುತ್ತಿತ್ತು. ಭಯ ಹೋದದ್ದು ಒಳ್ಳೆಯದೇ. ಅದು ತೆರವು ಮಾಡಿದ ಜಾಗವನ್ನು ಇನ್ನು ತಿಳಿವಳಿಕೆಯೇ ತುಂಬಬೇಕು.