ರಕ್ತದ ಸಾಕ್ಷಿಗೆ ಅಳತೆಗೋಲು

1957ರ ಬೇಸಿಗೆಯ ಮೊದಲಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ದಿನಗಳಲ್ಲಿ ಕಾಡಂಚಿನ ಹಳ್ಳಿಗಳ ಜನರನ್ನೂ ಉಗ್ರವಾದ ಜ್ವರ ಹಿಡಿಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದರು. ಅವರ ಗಾಬರಿಗೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಕಾಲಿಟ್ಟಾಗ ಹೀಗೆಯೇ ಮೊದಲು ಮಂಗಗಳು ಸಾಯುತ್ತವೆ. ಭಾರತ ಅದುವರೆಗೆ ಆ ಪಿಡುಗನ್ನು ಕಂಡಿರಲಿಲ್ಲ. ಸದ್ಯ, ಅದು ಹಳದಿ ಜ್ವರವಾಗಿರಲಿಲ್ಲ. ಉಣುಗುಗಳಿಂದ ಹರಡುವ, ರಷ್ಯದ ಒಂದು ಮಿದುಳು ಜ್ವರಕ್ಕೆ ದಾಯಾದಿಯಾದ ಹೊಸ ವೈರಸ್ ಎಂದು ಟೆಲ್‌ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅದೇ ವರ್ಷ ಪ್ರಕಟಿಸಿದರು. ಮಲೆನಾಡಿನವರಿಗೆ ಅದು ಮಂಗನ ಕಾಯಿಲೆ.

ಇಂಥ ರೋಗಗಳ ವಿಚಾರಣೆಯಲ್ಲಿ ವೈರಸ್ಸೇ ಆರೋಪಿ. ಆದರೆ ಆರೋಪಿ ಬಹುಬೇಗ ಪರಾರಿಯಾಗುತ್ತಾನೆ. ಉಳಿಯುವುದು ಸಾಕ್ಷಿ, ಎಂದರೆ ವೈರಸ್ಸನ್ನು ಎದುರಿಸಲು ದೇಹ ಹುಟ್ಟಿಸಿಕೊಂಡ ಪ್ರತಿಕಾಯ. ಆ ಕಾಲದಲ್ಲಿ ಅದನ್ನು ಅಳೆಯುತ್ತಿದ್ದ ಬಗೆ ಸೊಗಸಾದದ್ದು. ಇಂಥ ಹಲವು ವೈರಸ್‌ಗಳಿಗೆ ಹಕ್ಕಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣವುಂಟು. ರೋಗಿಯ ಸೀರಂನಲ್ಲಿ ಪ್ರತಿಕಾಯವಿದ್ದರೆ ಈ ಅಂಟುವಿಕೆ ನಿಲ್ಲುತ್ತದೆ. ಸೀರಂ ಅನ್ನು ಹತ್ತರಷ್ಟು, ಇಪ್ಪತ್ತರಷ್ಟು, ನಲವತ್ತರಷ್ಟು ತೆಳುಮಾಡುತ್ತಾ ಹೋಗಿ, ಎಲ್ಲಿಯವರೆಗೆ ಅದರ ಕಸುವು ಉಳಿಯಿತೋ ಅದೇ ಅಳತೆ. ಹುಳಿಸಾರಿಗೆ ನೀರು ಬೆರೆಸುತ್ತಾ ಎಷ್ಟನೆಯ ಚೆಂಬಿಗೆ ಹುಳಿ ಸತ್ತಿತೆಂದು ನೋಡಿದಂತೆ! ಇಲ್ಲಿ ತಕ್ಕಡಿ ಎಂದರೆ ನೋಡುವವನ ಕಣ್ಣು. ಆದರೂ ಆ ಕಣ್ಣು ದೂರ ಕಂಡಿತು. ಮಂಗನ ಕಾಯಿಲೆಯ ಸುದ್ದಿಯೇ ಇಲ್ಲದ ಸೌರಾಷ್ಟ್ರ, ಕಚ್ಛಗಳ ಜನರ ರಕ್ತದಲ್ಲಿಯೂ ಈ ವೈರಸ್‌ಗೆ ಸ್ಪಂದಿಸುವ ಪ್ರತಿಕಾಯಗಳು ಸಿಕ್ಕವು.

ಮುಂದೆ ಎರಡು ದಾರಿಗಳು ತೆರೆದವು. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ ಎಂಬವರು ವಿದ್ಯುದ್ವಾರದ ಮೇಲೆ ಕಿಣ್ವವನ್ನು ಕೂರಿಸಿ, ಸಕ್ಕರೆಯ ಪ್ರಮಾಣವನ್ನು ವಿದ್ಯುತ್ತಿನ ಮಾತಿಗೆ ತರುವ ಉಪಾಯ ತೋರಿದರು. ಬಯೋಸೆನ್ಸರುಗಳ ವಂಶ ಅಲ್ಲಿಂದ ಬೆಳೆಯಿತು. ಮಧುಮೇಹಿಗಳು ಬೆರಳು ಚುಚ್ಚಿ ನೋಡುವ ಪಟ್ಟಿ ಅದರ ಮೊಮ್ಮಗು. 1971ರಲ್ಲಿ ಸ್ವೀಡನ್ನಿನಲ್ಲಿಯೂ ಹಾಲೆಂಡಿನಲ್ಲಿಯೂ ಬೇರೆ ಬೇರೆಯಾಗಿ ಎಲೈಸಾ ಪರೀಕ್ಷೆ ಹುಟ್ಟಿತು: ಪ್ರತಿಕಾಯ ಕಚ್ಚಿಕೊಂಡಲ್ಲಿ ಬಣ್ಣ ಏಳುತ್ತದೆ, ಬಣ್ಣದ ಗಾಢತೆಯನ್ನು ಯಂತ್ರ ಓದುತ್ತದೆ. ಈ ಎರಡು ದಾರಿಗಳು ನಮ್ಮ ಬೆಂಗಳೂರಿನಲ್ಲಿಯೇ ಒಂದೆಡೆ ಕೂಡಿದ ಸಂಗತಿ ಎಷ್ಟು ಮಂದಿಗೆ ಗೊತ್ತೋ!

ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದ ಪ್ರಾಧ್ಯಾಪಕ ನವಕಾಂತ ಭಟ್ಟರು ಮತ್ತು ವಿನಯ್ ಕುಮಾರರು ಕಟ್ಟಿದ ಪಾಥ್‌ಶೋಧ್ ಎಂಬ ಸಂಸ್ಥೆ ಆ ಆವರಣದ ಆಸರೆಯಲ್ಲಿಯೇ ಬೆಳೆದದ್ದು. 2021ರ ಜುಲೈಯಲ್ಲಿ ಅದು ಕೋವಿಡ್ ಪ್ರತಿಕಾಯಗಳನ್ನು ವಿದ್ಯುದ್ರಾಸಾಯನಿಕವಾಗಿ ಅಳೆಯುವ ಎಲೈಸಾ ಪರೀಕ್ಷೆಯನ್ನು ಹೊರತಂದಿತು. ಬೆರಳ ತುದಿಯ ಹನಿ ರಕ್ತ ಸಾಕು. ಪಟ್ಟಿಯ ಮೇಲೆ ಕೋವಿಡ್ ಪ್ರತಿಕಾಯವನ್ನು ಹಿಡಿಯುವ ಗ್ರಾಹಕಗಳಿರುತ್ತವೆ; ಸಿಕ್ಕಿಬಿದ್ದ ಪ್ರತಿಕಾಯದ ಪ್ರಮಾಣಕ್ಕೆ ತಕ್ಕಂತೆ ವಿದ್ಯುತ್ ಪ್ರವಾಹ ಬದಲಾಗುತ್ತದೆ; ಐದು ನಿಮಿಷಗಳಲ್ಲಿ ಅಂಕಿ ಕಾಣುತ್ತದೆ. ಸೋಂಕಿನ ಆರಂಭದಲ್ಲಿ ಏಳುವ ಐಜಿಎಂ ಬೇರೆ, ತಡವಾಗಿ ಬಂದು ನೆಲೆ ನಿಲ್ಲುವ ಐಜಿಜಿ ಬೇರೆ ಎಂದು ಎರಡನ್ನೂ ಹೇಳುತ್ತದೆ. ಗೆರೆ ಮೂಡಿತೋ ಇಲ್ಲವೋ ಎಂದು ಕಣ್ಣು ಕಿರಿದುಮಾಡಿ ನೋಡುವ ತಾಪತ್ರಯವಿಲ್ಲ.

ಆ ವರ್ಷ ನಮ್ಮ ರಾಮಮೂರ್ತಿ ನಗರದಲ್ಲಿ ಬೆಳಗಿನ ನಡಿಗೆಗೆ ಹೊರಟವರ ಬಾಯಲ್ಲೆಲ್ಲ ಪ್ರತಿಕಾಯದ್ದೇ ಸುದ್ದಿ. ಲಸಿಕೆ ಹಾಕಿಸಿಕೊಂಡವರು "ನಿಮಗೆಷ್ಟು ಬಂತು?" ಎಂದು, ಎಸ್ಸೆಸ್ಸೆಲ್ಸಿ ಅಂಕ ಕೇಳುವಂತೆ, ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನೆರೆಮನೆಯ ನಿವೃತ್ತ ಮೇಷ್ಟ್ರು ಎರಡು ಪ್ರಯೋಗಶಾಲೆಗಳ ಚೀಟಿ ಹಿಡಿದು ಬಂದರು. ಒಂದರಲ್ಲಿ ಎರಡಂಕಿ, ಇನ್ನೊಂದರಲ್ಲಿ ಮೂರಂಕಿ. "ಯಾವುದನ್ನು ನಂಬಲಿ, ಸ್ವಾಮಿ?" ಎಂದರು. ಎರಡೂ ನಿಜವಿರಬಹುದು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಮೇಷ್ಟ್ರ ತೊಡಕೇ ಇಡೀ ರಾಜ್ಯದ ತೊಡಕೂ ಆಗಿತ್ತು. 2020ರ ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಮನೋಜ್ ಮೋಹನನ್ ಮತ್ತು ಸಂಗಡಿಗರು ಮನೆಮನೆಯಿಂದ ರಕ್ತ ಪಡೆದು, ಕರ್ನಾಟಕದ ಶೇಕಡಾ 46.7 ಮಂದಿಗೆ ಸೋಂಕು ತಗಲಿಹೋಗಿದೆಯೆಂದು ಅಂದಾಜು ಮಾಡಿದರು. ಸೆಪ್ಟೆಂಬರಿನಲ್ಲಿ ಸರ್ಕಾರ ನಡೆಸಿದ ಸಮೀಕ್ಷೆಯ ಅಂಕಿ ಶೇಕಡಾ 27.3, ಅದೂ ಆಗ ಸೋಂಕಿನಲ್ಲಿದ್ದವರನ್ನು ಸೇರಿಸಿಕೊಂಡು. ತಿಂಗಳು ಕಳೆದಂತೆ ಸೋಂಕು ತಗಲಿದವರು ಕಡಮೆಯಾದರೆ? ಹಾಗಲ್ಲ. ಆರಿಸಿಕೊಂಡ ಜನ ಬೇರೆ, ಪರೀಕ್ಷೆಯೂ ಬೇರೆ. ಒಂದು ವೈರಸ್ಸಿನ ಮುಳ್ಳಿನ ಒಂದು ತುಣುಕಿಗೆ ಎದುರಾದ ಪ್ರತಿಕಾಯವನ್ನು ಹುಡುಕಿತು. ಇನ್ನೊಂದು, ಪುಣೆಯವರ ಕವಚ್ ಎಲೈಸಾ, ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸನ್ನು ಮುಂದಿಟ್ಟು ಹುಡುಕಿತು. ಮೆಟ್ರಿಕ್ ಪದ್ಧತಿಗೆ ಮುಂಚೆ ಒಂದು ಸಂತೆಯ ಸೇರಿಗೂ ಇನ್ನೊಂದು ಸಂತೆಯ ಸೇರಿಗೂ ತಾಳೆಯಿರಲಿಲ್ಲವಷ್ಟೆ? 2020ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಪ್ರತಿಕಾಯಕ್ಕೊಂದು ಅಂತರರಾಷ್ಟ್ರೀಯ ಮಾನಕ ಗೊತ್ತುಮಾಡಿದ್ದು ಇದಕ್ಕಾಗಿಯೇ. ಸೇರು ಒಂದಾದರೂ, ಎಷ್ಟು ಸೇರಿದ್ದರೆ ಮನುಷ್ಯ ಸುರಕ್ಷಿತ ಎಂಬುದಕ್ಕೆ ಉತ್ತರವಿರಲಿಲ್ಲ. ಲಸಿಕೆಯ ರಕ್ಷಣೆಯನ್ನು ಈ ಪರೀಕ್ಷೆಗಳಿಂದ ಅಳೆಯಬೇಡಿರೆಂದು ಅಮೆರಿಕದ ಔಷಧ ಆಡಳಿತ 2021ರ ಮೇ ತಿಂಗಳಲ್ಲಿ ಎಚ್ಚರಿಸಿತು.

ನನ್ನ ಮಟ್ಟಿಗೆ, ಐದು ನಿಮಿಷದ ಆ ಪಟ್ಟಿ ನಗರದವರ ಕುತೂಹಲಕ್ಕಿಂತ ಕಾಡಂಚಿನವರ ಕಷ್ಟಕ್ಕೆ ಹೆಚ್ಚು ಒದಗಬೇಕಾದ ವಸ್ತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಮತ್ತೆ ಎದ್ದು ಹಲವರನ್ನು ಬಲಿ ತೆಗೆದುಕೊಂಡಿತು. ಆ ಜ್ವರದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಪಿಸಿಆರ್‌ನಿಂದ ಹಿಡಿಯಬಹುದು. ಸುಮಾರು ಐದನೆಯ ದಿನದಿಂದ ಐಜಿಎಂ ಪ್ರತಿಕಾಯವನ್ನು ಎಲೈಸಾದಿಂದ ಹುಡುಕಬೇಕು. ಎಲೈಸಾಕ್ಕೆ ಪ್ರಯೋಗಶಾಲೆ ಬೇಕು. ಅಷ್ಟರವರೆಗೆ ರಕ್ತದ ಸೀಸೆ ಘಟ್ಟದ ರಸ್ತೆಯಲ್ಲಿ ಪ್ರಯಾಣ ಮಾಡುತ್ತದೆ, ರೋಗಿ ಜ್ವರದಲ್ಲಿ ಮಲಗಿರುತ್ತಾನೆ.